ದೊಡ್ಡತ್ತೆಯ ಬೀಗ

ಹಲಗೆಗೆ ನೇತುಹಾಕಿದ್ದ ಬೀಗಗಳೆಲ್ಲ ಬಾಯಿ ಬಿಟ್ಟುಕೊಂಡಿದ್ದವು.

ಪತ್ತೇದಾರಮ್ಮ ಕೈಯಲ್ಲಿದ್ದ ಫೋಟೊವನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡಿದಳು. ಫೋಟೊ ಮೊನ್ನೆ ಪೊಲೀಸರು ತೆಗೆದದ್ದು. ಅದರಲ್ಲಿ ಅವಳ ಭಾವನ ಕೆಂಪು ಬೀಗ, ಅವರು ಅದನ್ನು ಒಯ್ಯುವ ಮುಂಚೆ, ಇದೇ ಹಲಗೆಯ ನಡುವಿನ ಮೊಳೆಗೆ ತೂಗುತ್ತಿತ್ತು. ಅದರ ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುವ ಹಾಗೆ, ಇಷ್ಟು ಬೀಗಗಳ ನಡುವೆ ಅದೊಂದಕ್ಕೆ ಏನಾಗಿತ್ತು?

ಪಕ್ಕದಲ್ಲಿದ್ದ ಸಿಬ್ಬಂದಿ ವಿಭಾಗದ ಮ್ಯಾನೇಜರು ಕಾಲು ಬದಲಿಸಿದ. ಯಾರದೋ ಹೆಲ್ಮೆಟ್ಟು ಎರವಲು ತಂದಿದ್ದ. ಅದು ಹುಬ್ಬಿನವರೆಗೂ ಜಾರುತ್ತಿತ್ತು, ಅವನು ಮತ್ತೆ ಮತ್ತೆ ಮೇಲಕ್ಕೆ ತಳ್ಳುತ್ತಿದ್ದ. ನೋಡಿದ್ದು ಮುಗಿಯಿತೇ ಎಂದು ಕೇಳಿದ. ಈಗಷ್ಟೇ ಶುರುವಾಯಿತು ಎಂದಳು ಪತ್ತೇದಾರಮ್ಮ.

ಮುಗಿಸಲು ಅವಳಿಗೂ ಅವಸರವಿತ್ತು, ಅವನಿಗಿಂತ ಹೆಚ್ಚಾಗಿಯೇ. ಮೊನ್ನೆ ಬೆಳಿಗ್ಗೆ ಎದುರಿನ ಪ್ರೆಸ್ಸಿನೊಳಗೆ ಬಗ್ಗಿದ ಕತ್ತರಿ ಸಾಹೇಬ ಹೆಣವಾಗಿ ಹೊರಬಂದಿದ್ದ. ಕೊಂದವನು ಭಾವನೇ ಎಂದು ಪೊಲೀಸರು ಹೆಚ್ಚುಕಡಿಮೆ ಬರೆದಿಟ್ಟಂತಿತ್ತು. ವಿಚಾರಣೆಗೆಂದು ಇವತ್ತು ಕಾರ್ಖಾನೆಗೇ ಕರೆತಂದು ಗೇಟಿನ ಪಕ್ಕದ ಸೆಕ್ಯುರಿಟಿ ಕೋಣೆಯಲ್ಲಿ ಕೂರಿಸಿದ್ದರು, ಬಾಗಿಲಲ್ಲೊಬ್ಬ ಕಾನ್‌ಸ್ಟೇಬಲ್. ಇನ್ಸ್‌ಪೆಕ್ಟರು ಹಿಂದೆ ಅವಳು ಪೊಲೀಸಿನಲ್ಲಿದ್ದಾಗ ಜೊತೆಯಲ್ಲೇ ಕೆಲಸ ಮಾಡಿದವನು. ಆ ಋಣಕ್ಕೆ ಸಂಜೆ ಪಾಳಿ ಬಿಡುವವರೆಗೆ ಸಮಯ ಕೊಟ್ಟಿದ್ದ. ಆಮೇಲೆ ಜೀಪು, ಲಾಕಪ್ಪು, ಕೋರ್ಟು.

ಆ ಪ್ರೆಸ್ಸು ಮನೆಯಷ್ಟೆತ್ತರ. ಕೆಳಗೆ ತಗಡು ಇಟ್ಟರೆ ಮೇಲಿನ ಅಚ್ಚು ಇಳಿದು, ತಗಡು ಕಾರಿನ ಬಾಗಿಲಾಗಿ ಏಳುತ್ತಿತ್ತು. ಕೆಲಸಗಾರರು ಅದಕ್ಕೆ ದೊಡ್ಡತ್ತೆ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರು ಸಿಕ್ಕರೂ ತನಗೆ ಬೇಕಾದ ಆಕಾರಕ್ಕೆ ತರದೆ ಬಿಡುವುದಿಲ್ಲವಲ್ಲ, ಅದಕ್ಕೆ.

ಕತ್ತರಿ ಸಾಹೇಬ ದೊಡ್ಡ ಕಚೇರಿಯಿಂದ ಕೆಲಸಗಳನ್ನು ಕತ್ತರಿಸಲೆಂದೇ ಬಂದವನು, ಹೆಸರೂ ಅದಕ್ಕೇ. ಇಲ್ಲಿ ಪ್ರತಿ ಮಷೀನಿಗೂ ಇಬ್ಬರ ಜೋಡಿ. ಜೋಡಿಯಲ್ಲಿ ಇನ್ನು ಒಬ್ಬರು ಸಾಕು, ಕ್ಯಾಂಟೀನಿಗೆ ಚಹಾದ ಮಷೀನು ಬರಲಿ, ದೊಡ್ಡತ್ತೆಯನ್ನು ಮಾರಿಬಿಡೋಣ ಎಂದು ತೀರ್ಮಾನಿಸಿದ್ದ. ಕಂಪನಿ ಇದನ್ನು ಪುನರ್ರಚನೆ ಎಂದು ಕರೆಯುತ್ತಿತ್ತು. ಹೊಟ್ಟೆಯ ಮೇಲೆ ಹೊಡೆಯುವುದಕ್ಕೂ ಒಂದು ಮರ್ಯಾದಸ್ತ ಹೆಸರು ಬೇಕಲ್ಲ! ಮಾರುವ ಮುಂಚೆ ಪ್ರೆಸ್ಸಿನ ಒಳಗೋಡೆಯ ನಂಬರ್ ಪಟ್ಟಿಯ ಫೋಟೊ ತೆಗೆಯಬೇಕೆಂದು ಅವನೇ ಬಗ್ಗಿದ್ದ. ನಾಳೆ ಬೆಳಿಗ್ಗೆ ಒಳಗೆ ಹೋಗುತ್ತೇನೆಂದು ಅದರ ಹಿಂದಿನ ದಿನವೇ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದನಂತೆ.

ಬೀಗದ ವಿಷಯ ಹೇಳಿ ಎಂದಾಗ ಮ್ಯಾನೇಜರನಿಗೆ ಉತ್ಸಾಹ ಬಂತು. ಮಷೀನಿನೊಳಗೆ ಯಾರ ಕೈ ಹೋಗುವುದಿದ್ದರೂ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ, ಅದಕ್ಕೆ ಆ ಮಷೀನಿನ ಕೆಲಸಗಾರ ತನ್ನದೇ ಬೀಗ ಜಡಿಯಬೇಕು. ಬೀಗ ಇರುವತನಕ ದೇವರು ಬಂದರೂ ಮಷೀನು ಅಲುಗಾಡದು. ಒಬ್ಬನಿಗೆ ಒಂದು ಬೀಗ, ಒಂದು ಬೀಗಕ್ಕೆ ಒಂದೇ ಕೀ. ಹೊಸ ಬೀಗ ಕೊಟ್ಟ ದಿನವೇ ಎರಡನೆಯ ಕೀಯನ್ನು ಕಚೇರಿಯಲ್ಲಿ ಮುರಿಯಬೇಕು.

"ನನ್ನ ಕಣ್ಣೆದುರೇ ಮುರೀತಾರೆ ಮೇಡಂ," ಎಂದು ಎದೆ ಮುಟ್ಟಿಕೊಂಡ. "ಅದಕ್ಕೇ ಹೇಳಿದ್ದು. ನಿಮ್ಮ ಭಾವನ ಬೀಗ ತೆಗೆಯೋಕೆ ನಿಮ್ಮ ಭಾವನಿಂದ ಮಾತ್ರ ಸಾಧ್ಯ."

ಭಾವನ ಕಥೆ ಇಷ್ಟೇ. ಬೀಗ ಜಡಿದೆ, ಒಳಗೆ ಕತ್ತಲೆ ಅಂತ ಸಾಹೇಬರು ಟಾರ್ಚು ಕೇಳಿದರು, ತರಲು ಹೋದೆ, ವಾಪಸು ಬರುವಷ್ಟರಲ್ಲಿ ದೊಡ್ಡತ್ತೆ ಇಳಿದುಬಿಟ್ಟಿದ್ದಳು. ಬೀಗ ಯಾರೋ ತೆಗೆದು ಹಲಗೆಗೆ ಹಾಕಿದ್ದರು. ಕೀ ನನ್ನ ಕೊರಳ ದಾರದಲ್ಲೇ ಇತ್ತು. ಇದನ್ನು ಯಾರು ನಂಬುತ್ತಾರೆ?

ಪತ್ತೇದಾರಮ್ಮ ನಂಬಿದ್ದಳು. ಆದರೆ ಬೆಳಿಗ್ಗೆ ಅವನೊಂದಿಗೆ ಮಾತಾಡಿದ್ದರಲ್ಲಿ ಒಂದು ಮಾತು ಹಲ್ಲಿಗೆ ಸಿಕ್ಕ ಕಲ್ಲಿನಂತೆ ಉಳಿದಿತ್ತು. ಇನ್ನೊಂದು ಕೀ ಯಾರ ಹತ್ತಿರ ಇದೆ ಭಾವ ಎಂದು ಅವಳು ಕೇಳಿದ್ದಳು. ಒಂದೇ ಕೀ ಇರಬೇಕು ಅಂತ ರೂಲ್ಸು ಎಂದಿದ್ದ. ಕೇಳಿದ್ದು ಇದೆಯೇ ಎಂದು, ಅವನು ಹೇಳಿದ್ದು ಇರಬೇಕಾದದ್ದು. ಜನ್ಮದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದವರು ಹೀಗೆ ಪಕ್ಕಕ್ಕೆ ಸರಿಯುತ್ತಾರೆ.

ಅಷ್ಟರಲ್ಲಿ ಚಹಾದ ತಳ್ಳುಗಾಡಿ ಕಿರುಗುಡುತ್ತ ಬಂತು. ತಳ್ಳುತ್ತಿದ್ದವಳು ಅಕ್ಕ. ಭಾವ ಈ ಕಾರ್ಖಾನೆಗೆ ಸೇರಿದ ಕೆಲವೇ ವರ್ಷಕ್ಕೆ ಅಕ್ಕನೂ ಕ್ಯಾಂಟೀನಿಗೆ ಸೇರಿದ್ದಳು. ಅಂದಿನಿಂದ ದಿನಾ ಈ ಗಾಡಿ ಎಲ್ಲ ಶೆಡ್ಡುಗಳನ್ನೂ ಸುತ್ತುತ್ತದೆ. ಗಂಡನಿಗೆ ಹೀಗಾಗಿದ್ದರೂ ರಜೆ ಹಾಕಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತರೆ ಹುಚ್ಚು ಹಿಡಿಯುತ್ತದೆ ಎಂದಿದ್ದಳು.

ಮೊನ್ನೆ ಪತ್ತೇದಾರಮ್ಮನ ಆಫೀಸಿಗೆ ಓಡಿಬಂದು, ನಿನ್ನ ಭಾವನನ್ನು ಉಳಿಸಿಕೊಡು ಎಂದು ಅತ್ತವಳೂ ಅವಳೇ. ಅಮ್ಮ ಹೋದ ಮೇಲೆ ತಂಗಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದ ಅಕ್ಕ ಅದು. ಅವಳು ಜೀವಮಾನದಲ್ಲಿ ತಂಗಿಯನ್ನು ಕೇಳಿದ್ದು ಅದೊಂದೇ. ಹಾಗೆಂದೇ ಪತ್ತೇದಾರಮ್ಮ, ಓಡಿಹೋದ ಗಂಡಂದಿರನ್ನೂ ಕಳೆದುಹೋದ ನಾಯಿಗಳನ್ನೂ ಬದಿಗಿಟ್ಟು ಬಂದಿದ್ದಳು.

ಅಕ್ಕ ಲೋಟ ಕೈಗಿಟ್ಟು, ಏನಾದರೂ ಸಿಕ್ಕಿತೇ ಎಂದು ಮೆಲ್ಲಗೆ ಕೇಳಿದಳು. ಇನ್ನೂ ಇಲ್ಲ ಎಂದಳು ತಂಗಿ. ಮುಖ ಬಾಡಿದೆ, ಏನಾದರೂ ತಿಂದಿದ್ದೀಯಾ ಎಂದು ಗದರಿ ಅಕ್ಕ ಗಾಡಿ ಮುಂದೆ ತಳ್ಳಿದಳು.

ಚಹಾದ ಹೊತ್ತಿಗೆ ಮಷೀನುಗಳು ಒಂದೊಂದಾಗಿ ನಿಂತವು. ಮೂಲೆಯ ಸಣ್ಣ ಪ್ರೆಸ್ಸಿನಲ್ಲಿ ಒಬ್ಬ ಮೀಸೆಯವನು ಅಚ್ಚು ಒರೆಸಿ ಮುಗಿಸಿದ್ದ. ಕೈಯೆಲ್ಲ ಗ್ರೀಸು. ಸ್ವಿಚ್ಚಿಗೆ ಜಡಿದ ಅವನದೇ ಬೀಗ ತೆಗೆಯಬೇಕು. ಅವನು ಮೊಣಕೈಯಿಂದ ಜೋಡಿಯವನನ್ನು ತಿವಿದ. ಜೋಡಿಯವನು ಬೆನ್ನು ಈ ಕಡೆ ಮಾಡಿ ನಿಂತ. ಮತ್ತೆ ತಿರುಗುವಷ್ಟರಲ್ಲಿ ಬೀಗ ಬಿಚ್ಚಿ ಅವನ ಕೈಗೆ ಬಂದಿತ್ತು. ಅವನು ಅದನ್ನು ನೋಡದೆಯೇ ಹಲಗೆಗೆ ತಗುಲಿಸಿದ, ಬಾಯಿ ಬಿಟ್ಟುಕೊಂಡಂತೆಯೇ.

ಮೀಸೆಯವನ ಕೀ ಅವನ ಕೊರಳಲ್ಲೇ ನೇತಾಡುತ್ತಿತ್ತು.

ಪತ್ತೇದಾರಮ್ಮ ಚಹಾ ಕುಡಿಯುವುದನ್ನೇ ಮರೆತಳು. ಮ್ಯಾನೇಜರು ಇದನ್ನೆಲ್ಲಿ ನೋಡಬೇಕು, ಅವನ ಕಣ್ಣ ಮೇಲೆ ಹೆಲ್ಮೆಟ್ಟಿತ್ತು. ಬಾತ್‌ರೂಮು ಎಲ್ಲಿದೆ ಎಂದು ಅವನನ್ನು ಕೇಳಿ, ಅವನು ತೋರಿಸಿದ ದಿಕ್ಕಿಗೆ ನಡೆದು, ಅಲ್ಲಿಂದ ಅಚ್ಚುಗಳ ಉಗ್ರಾಣಕ್ಕೆ ಹೊರಳಿದಳು.

ಅಲ್ಲಿ ಉದ್ದಣ್ಣ ಇದ್ದ. ಆಳು ಗಿಡ್ಡ, ಮಾತು ಉದ್ದ. ಗಂಟೆ ಎಷ್ಟು ಎಂದು ಕೇಳಿದರೆ ಗಡಿಯಾರ ಕೊಂಡ ದಿನದಿಂದ ಶುರುಮಾಡುತ್ತಾನೆ ಎಂದು ಭಾವ ನಗುತ್ತ ಹೇಳುತ್ತಿದ್ದ. ದೊಡ್ಡತ್ತೆಯ ಮುಂದೆ ಇಷ್ಟು ವರ್ಷ ಭಾವನ ಜೋಡಿಯಾಗಿ ನಿಂತವನು ಇವನೇ. ಆ ಉದ್ದಣ್ಣ ನಿನ್ನೆಯಿಂದ ಪತ್ತೇದಾರಮ್ಮನಿಗೆ ಹೂಂ, ಉಹೂಂ, ಗೊತ್ತಿಲ್ಲ, ಈ ಮೂರರ ಆಚೆ ಏನೂ ಹೇಳಿರಲಿಲ್ಲ. ಮೊನ್ನೆ ಆ ಹೊತ್ತಿನಲ್ಲಿ ಈ ಉಗ್ರಾಣದಲ್ಲಿ ಒಬ್ಬನೇ ಇದ್ದನಂತೆ. ನೋಡಿದವರು ಯಾರೂ ಇಲ್ಲ.

ಅವನು ಎಣ್ಣೆ ಬಟ್ಟೆಯಿಂದ ಅಚ್ಚೊಂದನ್ನು ಉಜ್ಜುತ್ತಿದ್ದ. ಪತ್ತೇದಾರಮ್ಮ ಬಾಗಿಲು ಮುಂದೆ ಮಾಡಿ ನಿಂತಳು.

"ಅಣ್ಣಾ, ಭಾವನ ಎರಡನೇ ಕೀ ನಿಮ್ಮ ಹತ್ರ ಇತ್ತು."

ಬಟ್ಟೆ ನಿಂತಿತು. "ಯಾರು ಹೇಳಿದ್ರು?"

"ಇಲ್ಲ ಅನ್ನಲಿಲ್ಲ ನೀವು."

ಉದ್ದಣ್ಣ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತ. ತಡೆದಿಟ್ಟ ಮಾತು ಕಟ್ಟೆ ಒಡೆಯಿತು. ಎಷ್ಟೋ ವರ್ಷದ ಹಿಂದೆ ಒಬ್ಬ ಕೆಲಸಗಾರ ಸ್ವಿಚ್ಚಿಗೆ ಬೀಗ ಜಡಿದ ಮೇಲೆ ಎದೆನೋವು ಬಂದು ಬಿದ್ದನಂತೆ. ಆಸ್ಪತ್ರೆಗೆ ಅವನ ಜೊತೆ ಕೀಯೂ ಹೋಯಿತು, ಇಲ್ಲಿ ಲೈನೆಲ್ಲ ನಿಂತಿತು. ವಾಸಿಯಾಗಿ ಬಂದವನನ್ನು ಕಂಪನಿ ಕೆಲಸದಿಂದ ತೆಗೆಯಿತು. ಅಂದಿನಿಂದ ಇಲ್ಲಿ ಜೋಡಿ ಕೀ ಪದ್ಧತಿ. ನನ್ನ ಎರಡನೆಯ ಕೀ ನಿನ್ನ ಹತ್ತಿರ, ನಿನ್ನದು ನನ್ನ ಹತ್ತಿರ. ಕಚೇರಿಯಲ್ಲಿ ಮ್ಯಾನೇಜರ ಮುಂದೆ ಇವರು ಮುರಿಯುತ್ತ ಬಂದದ್ದೆಲ್ಲ ಯಾವುದೋ ಹಳೆಯ ಪೆಟ್ಟಿಗೆಗಳ ಕೀ. ಬೇರೆ ಹೊತ್ತಾಗಿದ್ದರೆ ಪತ್ತೇದಾರಮ್ಮ ಬಿದ್ದು ಬಿದ್ದು ನಗುತ್ತಿದ್ದಳು.

ಭಾವ ಇದನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೆಂಗೆ ಹೇಳ್ತಾನಮ್ಮ? ರೂಲ್ಸು ಮುರಿದ್ರು ಅಂತ ಈ ಶೆಡ್ಡಿನೋರನ್ನೆಲ್ಲ ಇವತ್ತೇ ಮನೆಗೆ ಕಳಿಸ್ತಾರೆ. ಜೋಡಿಲಿ ಒಬ್ಬನನ್ನಲ್ಲ, ಇಬ್ಬರನ್ನೂ. ಕೊಡಬೇಕಾದ್ದನ್ನೂ ಕೊಡಲ್ಲ. ಕಂಪನಿ ಇಂಥದ್ದೊಂದು ನೆಪಕ್ಕೇ ಬಾಯಿ ಬಿಟ್ಕೊಂಡು ಕೂತಿದೆ."

ಭಾವ ಪಕ್ಕಕ್ಕೆ ಸರಿದದ್ದು ಇದಕ್ಕೇ! ತನ್ನೊಬ್ಬನ ಕೊರಳಿಗೆ ಹಗ್ಗ ಬಿದ್ದರೂ ಸರಿ, ಇಡೀ ಶೆಡ್ಡಿನ ಅನ್ನಕ್ಕೆ ಕಲ್ಲು ಬೀಳಬಾರದು. ಪತ್ತೇದಾರಮ್ಮನಿಗೆ ಭಾವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಆದರೆ ಕರಗುವ ಹೊತ್ತು ಇದಲ್ಲ. ಎದುರಿಗಿದ್ದವನು ಸಾಚಾ ಎಂದು ಯಾರು ಹೇಳಿದ್ದು?

"ಜೋಡಿಲಿ ಒಬ್ರು ಉಳೀತಾರೆ ಅಂದಿದ್ರು ಸಾಹೇಬ್ರು," ಎಂದಳು. "ಭಾವ ಜೈಲಿಗೆ ಹೋದ್ರೆ ಉಳಿಯೋದು ನೀವು. ಕೀ ನಿಮ್ಮ ಹತ್ರ ಇತ್ತು. ಆ ಹೊತ್ತಲ್ಲಿ ನೀವು ಒಬ್ರೇ ಇದ್ರಿ. ನನ್ನ ಜಾಗದಲ್ಲಿ ನೀವಿದ್ರೆ ಏನು ಅನ್ಕೋತೀರ?"

ಉದ್ದಣ್ಣ ತಲೆ ಎತ್ತಿದ. ಕಣ್ಣು ತುಂಬಿತ್ತು.

"ಒಂದೇ ಡಬ್ಬಿಲಿ ಉಂಡೋರು ನಾವು. ಅಷ್ಟು ಕೀಳಾಗಿ ಕಂಡ್ನಾ ನಾನು?"

ಅವಳು ಫೋಟೊ ಮುಂದೆ ಹಿಡಿದಳು. ಅವನು ಕಣ್ಣೊರೆಸಿಕೊಂಡು ನೋಡಿದ, ಹತ್ತಿರ ಎಳೆದುಕೊಂಡು ಮತ್ತೆ ನೋಡಿದ, ಹಾವು ಮುಟ್ಟಿದವನಂತೆ ಕೈ ತೆಗೆದ.

"ಇದ್ಯಾರು ಹಿಂಗೆ ನೇತಾಕಿದ್ದು?"

ಯಾಕೆ, ಅದರಲ್ಲೇನು ತಪ್ಪು ಎಂದಳು.

"ಬಾಯಿ ಮುಚ್ಚಿ ನೇತಾಕೋದು ಸತ್ತೋನ ಬೀಗ ಕಣಮ್ಮ. ಬದುಕಿರೋನ ಬೀಗ ಬಾಯಿ ಬಿಟ್ಕೊಂಡಿರಬೇಕು, ನಾಳೆ ಕೆಲಸಕ್ಕೆ ಬರ್ತಾನೆ ಅಂತ. ಇಲ್ಲಿ ಕಾಲಿಟ್ಟ ಮೊದಲ ದಿನವೇ ಕಲಿಸ್ತೀವಿ. ನಿದ್ದೆಗಣ್ಣಲ್ಲೂ ನಮ್ಮೋರು ಯಾರೂ ಹಿಂಗೆ ಮಾಡಲ್ಲ."

ಪತ್ತೇದಾರಮ್ಮ ಫೋಟೊ ಹಿಂದಕ್ಕೆ ಎಳೆದುಕೊಂಡಳು. ಮೀಸೆಯವನ ಜೋಡಿ ನೋಡದೆಯೇ ಬೀಗ ತಗುಲಿಸಿದ್ದು ಕಣ್ಣಿಗೆ ಬಂತು. ಬಾಯಿ ಸುಳ್ಳು ಹೇಳಬಹುದು, ಇಷ್ಟು ವರ್ಷದ ರೂಢಿಯ ಕೈ ಹೇಳುವುದಿಲ್ಲ. ದೊಡ್ಡತ್ತೆಯ ಬೀಗ ತೆಗೆದವರು ಈ ಶೆಡ್ಡಿನವರಲ್ಲ. ಭಾವ ಅಲ್ಲ, ಉದ್ದಣ್ಣನೂ ಅಲ್ಲ. ಕೀ ಸಿಕ್ಕ ಯಾರೋ ಹೊರಗಿನವರು ಬೀಗ ಬಿಚ್ಚಿ, ಸ್ವಿಚ್ಚು ಹಾಕಿ, ಗುಂಡಿ ಒತ್ತಿ, ಗಾಬರಿಯಲ್ಲಿ ಬೀಗ ಮುಚ್ಚಿ ಎದುರಿಗೆ ಕಂಡ ಖಾಲಿ ಮೊಳೆಗೆ ಹಾಕಿ ಹೋಗಿದ್ದಾರೆ. ಆ ಗುಂಡಿ ಒತ್ತುವುದನ್ನು ದಿನಾ ನೋಡಿದವರಿಗೆ ಅದೇನು ಬ್ರಹ್ಮವಿದ್ಯೆಯಲ್ಲ.

ಭಾವ ಉಳಿದ! ಅವಳು ಅಲ್ಲೇ ಫೋನು ತೆಗೆದು ಇನ್ಸ್‌ಪೆಕ್ಟರಿಗೆ ಹಚ್ಚಿದಳು. ಭಾವ ಅಲ್ಲ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿದೆ, ಬೇಗ ಬನ್ನಿ, ಎದುರಿಗೇ ಹೇಳುತ್ತೇನೆ ಎಂದಳು. ಈಗಲೇ ಹೊರಟೆ ಎಂದ ಅವನು. ಜೋಡಿ ಕೀಯ ಗುಟ್ಟು ಕಂಪನಿಯ ಕಿವಿಗೆ ಬೀಳದಂತೆ ಹೇಗೆ ಹೇಳುವುದೆಂದು ದಾರಿಯಲ್ಲಿ ಯೋಚಿಸಿದರಾಯಿತು ಅಂದುಕೊಂಡಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ. ಕೇಳಬೇಕಾದ ಪ್ರಶ್ನೆ ಇನ್ನೂ ಒಂದು ಬಾಕಿಯಿತ್ತು.

"ಅಣ್ಣಾ, ಆ ಕೀ ಈಗ ಎಲ್ಲಿದೆ? ತೋರಿಸಿ."

ಉದ್ದಣ್ಣ ಮತ್ತೆ ಅಚ್ಚು ಉಜ್ಜಲು ಶುರುಮಾಡಿದ.

"ನನ್ನ ಹತ್ರ ಇಲ್ಲ."

"ಯಾರಿಗೆ ಕೊಟ್ರಿ?"

"ಬಿಡಮ್ಮ. ಕೇಳ್ಬೇಡ."

"ಭಾವ ಒಳಗೆ ಕೂತಿದ್ದಾರೆ. ನೀವು ಇಲ್ಲಿ ಕಬ್ಬಿಣ ಉಜ್ತಿದ್ದೀರ. ಯಾರಿಗೆ?"

ಅವನ ದನಿ ನೆಲಕ್ಕಿಳಿಯಿತು. "ಅತ್ತಿಗೆಗೆ."

ಯಾವ ಅತ್ತಿಗೆ ಎಂದು ಕೇಳಿದಳು ಪತ್ತೇದಾರಮ್ಮ, ನಿಜವಾಗಿಯೂ ಅರ್ಥವಾಗದೆ.

"ನಂಗೆ ಇರೋದು ಒಬ್ರೇ ಅತ್ತಿಗೆ. ನಿಮ್ಮಕ್ಕ. ಅದರ ಹಿಂದಿನ ದಿನ ಚಹಾ ತಂದಾಗ ಇಸ್ಕೊಂಡ್ರು. ಇವನ ಕೀ ಬಗ್ಗಿಹೋಗಿದೆಯಂತೆ, ಕೇಳೋಕೆ ಸಂಕೋಚ ಪಡ್ತಾನಂತೆ. ನಾನೇನು ಕಂಡೆನಮ್ಮ? ಗಂಡ ಹೆಂಡತಿ ಮಧ್ಯೆ ನಂಗೇನು ಕೆಲಸ ಅಂತ ಕೊಟ್ಟೆ."

ಮೊನ್ನೆ ಅತ್ತ ಅಕ್ಕ ಕಣ್ಮುಂದೆ ಬಂದಳು. ಆ ಅಳು ಸುಳ್ಳಲ್ಲ, ಅದರ ಮೇಲೆ ಅವಳು ಆಣೆ ಮಾಡಿ ಹೇಳಬಲ್ಲಳು. ಆದರೆ ಅಕ್ಕ ಅತ್ತದ್ದು ಯಾವುದಕ್ಕೆ? ಚಹಾದ ಮಷೀನು ಬಂದಿದ್ದರೆ ಅಕ್ಕನ ಗಾಡಿ ಹೋಗುತ್ತಿತ್ತು, ದೊಡ್ಡತ್ತೆ ಹೋಗಿದ್ದರೆ ಭಾವನ ಕೆಲಸವೂ. ಏನಾದರೂ ಸಿಕ್ಕಿತೇ ಎಂದು ಚಹಾ ಕೊಡುವಾಗ ಕೇಳಿದ್ದು ಯಾವ ಆಸೆಯಿಂದ, ಯಾವ ಭಯದಿಂದ? ಥೂ, ಎಂಥ ಪಾಪಿ ಬುದ್ಧಿ ನನ್ನದು ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಅನುಮಾನ ಹೋಗಲಿಲ್ಲ.

ಒಂದೇ ದಾರಿಯಿತ್ತು. ಭಾವನೇ ನಿಜಕ್ಕೂ ಕೀ ತರಲು ಕಳಿಸಿದ್ದರೆ ಅಕ್ಕ ಹೇಳಿದ್ದು ನಿಜ. ಇನ್ಸ್‌ಪೆಕ್ಟರು ಬರುವ ಮುಂಚೆ ಭಾವನನ್ನು ಕೇಳಿಬಿಡಬೇಕು. ಅವಳು ಓಡಿದಳು.

ಸೆಕ್ಯುರಿಟಿ ಕೋಣೆಯ ಹೊರಗೆ ಚಹಾದ ಗಾಡಿ ನಿಂತಿತ್ತು. ಅಕ್ಕ ಕಾನ್‌ಸ್ಟೇಬಲ್‌ಗೆ ಲೋಟ ಕೊಡುತ್ತಿದ್ದಳು. ಪತ್ತೇದಾರಮ್ಮ ಅವಳ ಮುಖ ನೋಡದೆ ಒಳಗೆ ನುಗ್ಗಿ ಬಾಗಿಲು ಎಳೆದುಕೊಂಡಳು.

ಭಾವ ಬೆಂಚಿನ ತುದಿಯಲ್ಲಿ ಕೂತಿದ್ದ. ಎರಡು ದಿನದ ಗಡ್ಡ, ನಿದ್ದೆಯಿಲ್ಲದ ಕಣ್ಣು. ಆದರೂ ನಾದಿನಿಯನ್ನು ಕಂಡು ನಗಲು ನೋಡಿದ.

ಜೋಡಿ ಕೀ ವಿಷಯ ಗೊತ್ತಾಯಿತು ಎಂದಳು. ಅವನ ನಗು ಇಂಗಿತು. ಉದ್ದಣ್ಣನಿಗೆ ಏನೂ ಮಾಡಬೇಡ, ಅವನಿಗೆ ಏನೋ ಕೆಟ್ಟ ಗಳಿಗೆ ಬಂದಿರಬೇಕು ಎಂದು ಕೈ ಮುಗಿಯಲು ಹೋದ. ಇಷ್ಟು ಹೊತ್ತೂ ಅವನು ಗೆಳೆಯನೇ ಕೊಂದನೆಂದು ನಂಬಿ ಗೆಳೆಯನನ್ನೇ ಕಾಯುತ್ತಿದ್ದ!

"ಉದ್ದಣ್ಣನ ಹತ್ರ ಕೀ ಇರಲಿಲ್ಲ ಭಾವ. ಹಿಂದಿನ ದಿನವೇ ಕೊಟ್ಟುಬಿಟ್ಟಿದ್ದರು."

"ಹಾಗಾದ್ರೆ ಅವನಲ್ಲ," ಎಂದ ಭಾವ. ದೊಡ್ಡ ಹೊರೆ ಇಳಿದವನಂತೆ ಗೋಡೆಗೆ ಒರಗಿದ. "ಅಬ್ಬಾ. ಅವನಲ್ಲ."

"ಕೀ ಇಸ್ಕೊಂಡು ಬಾ ಅಂತ ಅಕ್ಕನ್ನ ಕಳಿಸಿದ್ದು ನೀವಾ?"

ಭಾವ ಅವಳನ್ನೇ ನೋಡಿದ. ಆಮೇಲೆ ಅವನ ಕಣ್ಣು ಕಿಟಕಿಯ ಗಾಜಿನತ್ತ ಹೋಯಿತು. ಆಚೆ ಅಕ್ಕ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು. ಗೇಟು ತೆರೆದು ಜೀಪು ಒಳಗೆ ಬಂತು.

"ಭಾವ, ಹೌದು ಅನ್ನಿ, ಇಲ್ಲ ಅನ್ನಿ. ಏನಾದ್ರೂ ಹೇಳಿ."

ಅವನು ಎದ್ದು ಅಂಗಿಯ ಗುಂಡಿ ಹಾಕಿಕೊಂಡ, ತಲೆಗೂದಲನ್ನು ಅಂಗೈಯಲ್ಲಿ ಸರಿಮಾಡಿಕೊಂಡ. ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಾಗಿಲು ತೆರೆದ. ಜೀಪಿನಿಂದಿಳಿದ ಇನ್ಸ್‌ಪೆಕ್ಟರು ಎದುರಿಗೇ ಬರುತ್ತಿದ್ದ.

"ಸಾರ್, ಯಾರನ್ನೂ ಏನೂ ಕೇಳೋದು ಬೇಡ," ಎಂದ ಭಾವ. "ನಾನೇ ಬೀಗ ತೆಗ್ದೆ. ನಾನೇ ಗುಂಡಿ ಒತ್ದೆ. ಕೊಂದಿದ್ದು ನಾನೇ."

ಎರಡು ದಿನದಿಂದ ನಾನಲ್ಲ ನಾನಲ್ಲ ಎಂದಿದ್ದ ಬಾಯಿ ಅದು. ಬಿಡಿಸಲು ಬಂದ ನಾದಿನಿ ಒಂದೇ ಪ್ರಶ್ನೆಯಲ್ಲಿ ಅವನನ್ನು ಕಟ್ಟಿಹಾಕಿಬಿಟ್ಟಿದ್ದಳು.

ಪತ್ತೇದಾರಮ್ಮ ಅಕ್ಕನತ್ತ ತಿರುಗಿದಳು. ಈಗ ಅಕ್ಕ ಚೀರುತ್ತಾಳೆ, ಸುಳ್ಳು ಎಂದು ಓಡಿಬಂದು ಗಂಡನ ತೋಳು ಹಿಡಿಯುತ್ತಾಳೆ ಅಂದುಕೊಂಡಳು. ಅಕ್ಕ ಚೀರಲಿಲ್ಲ, ಗಂಡನ ಹತ್ತಿರ ಹೋಗಲೂ ಇಲ್ಲ. ಲೋಟಗಳನ್ನು ಗಾಡಿಯ ಮೇಲಿಟ್ಟು ತಂಗಿಯ ಪಕ್ಕಕ್ಕೆ ಬಂದು, ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

ಕಾನ್‌ಸ್ಟೇಬಲ್ ಭಾವನನ್ನು ಜೀಪಿನತ್ತ ನಡೆಸಿದ. ಇನ್ಸ್‌ಪೆಕ್ಟರು ಹಿಂಬಾಲಿಸಲು ಹೊರಟವನು ನಿಂತು, ಅಕ್ಕತಂಗಿಯರಿಬ್ಬರನ್ನೂ ಒಮ್ಮೆ ನೋಡಿ, ತಂಗಿಯನ್ನು ಕೇಳಿದ.

"ಇವರಲ್ಲ ಅನ್ನೋಕೆ ಸಾಕ್ಷಿ ಇದೆ ಅಂದ್ರಲ್ಲ ಮೇಡಂ. ಹೇಳಿ, ಮತ್ಯಾರು?"